ಸುಸಾನಾಳ ತವರು ಸಿಕ್ಕಿದ ಬಗೆ

1620ರ ನವೆಂಬರ್ ಕೊನೆಯ ದಿನಗಳಲ್ಲಿ, ಇಂಗ್ಲೆಂಡಿನಿಂದ ವಲಸೆಗಾರರನ್ನು ಹೊತ್ತು ಬಂದ ಮೇಫ್ಲವರ್ ಹಡಗು ಅಮೆರಿಕದ ಕೇಪ್ ಕಾಡ್ ಬಂದರಿನಲ್ಲಿ ಲಂಗರು ಹಾಕಿ ನಿಂತಿದ್ದಾಗ ಅದರೊಳಗೆ ಒಂದು ಗಂಡುಮಗು ಹುಟ್ಟಿತು. ನ್ಯೂ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ಮಗು ಅದು. 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಲಸೆಗಾರರ ವರದಿ ಈ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತದೆ: ದೇವರ ದಯೆಯಿಂದ ಶ್ರೀಮತಿ ವೈಟ್ ಗಂಡುಮಗುವನ್ನು ಹೆತ್ತಳು, ಅದಕ್ಕೆ ಪೆರಿಗ್ರೀನ್ ಎಂದು ಹೆಸರಿಟ್ಟರು. ಅಂದು ಹುಟ್ಟಿದ ಮಗುವಿನ ಹೆಸರು ವರದಿಯಲ್ಲಿದೆ, ಗಂಡನ ಮನೆತನದ ಹೆಸರೂ ಇದೆ. ಹೆತ್ತವಳ ಹೆಸರು ಮಾತ್ರ ಇಲ್ಲ.

ಆಕೆಯ ಹೆಸರು ಸುಸಾನಾ. ಮೊದಲ ಗಂಡ ವಿಲಿಯಂ ವೈಟ್, ಎರಡನೆಯ ಗಂಡ ಎಡ್ವರ್ಡ್ ವಿನ್ಸ್ಲೋ. ಹೆತ್ತ ಮಕ್ಕಳಲ್ಲಿ ಒಬ್ಬ ಗವರ್ನರ್ ಆದ. ಎರಡನೆಯ ಗಂಡನೂ ಗವರ್ನರ್ ಆಗಿದ್ದವನೇ. ಇಷ್ಟು ಹೆಸರುವಾಸಿಯಾದ ಮನೆಯ ಹೆಣ್ಣು ಯಾರ ಮಗಳು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಅಚ್ಚಾದದ್ದು 2017ರಲ್ಲಿ. ನಡುವೆ ಒಂದು ತಪ್ಪು ಉತ್ತರ ತಲೆಮಾರುಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ವಸಾಹತು ಕಾಲದ ಅಮೆರಿಕದಲ್ಲಿ ಮರುಮದುವೆಯಾದ ವಿಧವೆಯ ವಂಶ ಹುಡುಕುವುದು ಏಕೆ ಕಷ್ಟ, ಹುಡುಕುವ ದಾರಿ ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಕಥೆಯ ಎಲುಬುಗೂಡು. ಹಡಗು ಹತ್ತುವಾಗ ಸುಸಾನಾ ಗರ್ಭಿಣಿ. ಜೊತೆಯಲ್ಲಿ ಗಂಡ, ರಿಸಾಲ್ವ್ಡ್ ಎಂಬ ಪುಟ್ಟ ಮಗ, ಇಬ್ಬರು ಆಳುಗಳು. ಹಡಗಿನವರು ಇಳಿದು ನೆಲೆಸಿದ ಪ್ಲಿಮತ್‌ನ ಮೊದಲ ಚಳಿಗಾಲ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತು. 1621ರ ಫೆಬ್ರವರಿ 21ರಂದು ವಿಲಿಯಂ ವೈಟ್ ತೀರಿಕೊಂಡ. ಮಾರ್ಚ್ 24ರಂದು ಎಡ್ವರ್ಡ್ ವಿನ್ಸ್ಲೋನ ಹೆಂಡತಿ ಎಲಿಜಬೆತ್ ತೀರಿಕೊಂಡಳು. ಮೇ 12ರಂದು ವಿಧವೆಗೂ ವಿಧುರನಿಗೂ ಮದುವೆಯಾಯಿತು. ಪ್ಲಿಮತ್ ವಸಾಹತಿನ ಮೊದಲ ಮದುವೆ ಅದು.

ಗಂಡ ಸತ್ತು ಮೂರು ತಿಂಗಳಾಗುವ ಮೊದಲೇ ಮದುವೆಯೇ ಎಂದು ಇಂದಿನ ಓದುಗ ಹುಬ್ಬೇರಿಸಬಹುದು. ಆದರೆ ಅಲ್ಲಿನ ಲೆಕ್ಕವೇ ಬೇರೆ. ಆಕೆಯ ಕಂಕುಳಲ್ಲಿ ಆರು ತಿಂಗಳೂ ತುಂಬದ ಕೂಸು, ಬೆರಳು ಹಿಡಿದು ನಿಂತ ಇನ್ನೊಬ್ಬ ಮಗ, ಆಳುಗಳಿಬ್ಬರೂ ಸತ್ತಿದ್ದರು. ಹಡಗಿನಲ್ಲಿ ಬಂದ 18 ಮಂದಿ ವಯಸ್ಕ ಹೆಂಗಸರಲ್ಲಿ ಆ ವರ್ಷದ ಸುಗ್ಗಿಯ ಹೊತ್ತಿಗೆ ಉಳಿದವರು ನಾಲ್ವರು. ಬಿತ್ತುವುದು, ಕಟ್ಟುವುದು, ಕಾಯುವುದು ಗಂಡಸಿನ ಪಾಲಿಗೆ, ಬೇಯಿಸುವುದು, ಹೊಲಿಯುವುದು, ರೋಗಿಯನ್ನು ನೋಡಿಕೊಳ್ಳುವುದು ಹೆಂಗಸಿನ ಪಾಲಿಗೆ ಎಂದು ಹಂಚಿಕೊಂಡ ಆ ಸಮಾಜದಲ್ಲಿ ಒಂಟಿ ಮನೆ ಉಳಿಯುತ್ತಿರಲಿಲ್ಲ. ಶೋಕಕ್ಕೆ ಎಷ್ಟು ದಿನ ಎಂಬ ಮಾತು ಹೊಟ್ಟೆ ತುಂಬಿದ ಮೇಲಿನದು.

ಇಲ್ಲಿ ತಾರೀಖಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆ ಕಾಲದ ಲೆಕ್ಕದಲ್ಲಿ ವಿಲಿಯಂ ವೈಟ್ ಸತ್ತದ್ದು 1620ರಲ್ಲಿ. ವಿನ್ಸ್ಲೋನ ಮೊದಲ ಹೆಂಡತಿ ಸತ್ತದ್ದು 1620ರ ಕಟ್ಟಕಡೆಯ ದಿನ. ಮದುವೆಯಾದದ್ದು 1621ರಲ್ಲಿ. ಇದನ್ನು ಮರೆತವರು ಮಗು ಹುಟ್ಟುವ ಒಂಬತ್ತು ತಿಂಗಳ ಹಿಂದೆಯೇ ತಂದೆಯನ್ನು ಸಾಯಿಸಿರುತ್ತಾರೆ. ವಂಶಾವಳಿಗಾರರು ಇಂಥ ತಾರೀಖುಗಳನ್ನು 1620/21 ಎಂದು ಎರಡೂ ವರ್ಷ ಸೇರಿಸಿ ಬರೆಯುವುದು ಈ ಗೊಂದಲ ಆಗದಿರಲೆಂದು.

ಇನ್ನು ಹೆಣ್ಣು ದಾಖಲೆಯಲ್ಲಿ ಕಾಣೆಯಾಗುವ ಬಗೆ. ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಆಸ್ತಿಯಿರಲಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ, ಅವಳ ಹೆಸರಿನಲ್ಲೇ ದಾವೆ ಹೂಡುವಂತಿರಲಿಲ್ಲ. ಭೂಮಿ, ಸಾಲ, ತೆರಿಗೆ, ದಾವೆ ಎಲ್ಲವೂ ಗಂಡನ ಹೆಸರಿನಲ್ಲಿ ನಡೆಯುತ್ತಿದ್ದವು. ವಿಧವೆಯಾದಾಗ ಸ್ವಲ್ಪ ಕಾಲ ಅವಳ ಹೆಸರು ಕಡತದಲ್ಲಿ ತಲೆಯೆತ್ತುತ್ತದೆ. ಮರುಮದುವೆಯಾದೊಡನೆ ಇನ್ನೊಂದು ಮನೆತನದ ಹೆಸರಿನೊಳಗೆ ಸೇರಿಹೋಗುತ್ತದೆ. ಪ್ಲಿಮತ್‌ನಲ್ಲಿ ಇದರ ಜೊತೆಗೆ ಇನ್ನೊಂದು ತೊಂದರೆ: ಅಲ್ಲಿ ಮದುವೆ ಎಂದರೆ ಪಾದ್ರಿಯ ಕೆಲಸವಲ್ಲ, ಅಧಿಕಾರಿಯ ಕೆಲಸ. ಡಚ್ಚರ ನಾಡಿನಲ್ಲಿ ಕಂಡ ಆ ಪದ್ಧತಿ ಮೆಚ್ಚತಕ್ಕದ್ದು ಎಂದು ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಪರಿಣಾಮವಾಗಿ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಸಿಗುವಂಥ ಚರ್ಚ್ ಮದುವೆ ಪುಸ್ತಕ ಇಲ್ಲಿ ಸಿಗುವುದಿಲ್ಲ.

ಹಾಗಿದ್ದರೂ ಸುಸಾನಾಳ ವಿಷಯದಲ್ಲಿ ನಮಗೆ ಅದೃಷ್ಟವಿದೆ. ಬ್ರಾಡ್‌ಫರ್ಡ್ ಮೇಫ್ಲವರ್‌ನಲ್ಲಿ ಬಂದವರ ಪಟ್ಟಿಯನ್ನು ಮನೆವಾರು ಬರೆದಿಟ್ಟ. ಅದರಲ್ಲಿ ವಿಲಿಯಂ ವೈಟ್, ಅವನ ಹೆಂಡತಿ ಸುಸಾನಾ, ಮಗ ರಿಸಾಲ್ವ್ಡ್, ಹಡಗಿನಲ್ಲೇ ಹುಟ್ಟಿದ ಪೆರಿಗ್ರೀನ್, ಇಬ್ಬರು ಆಳುಗಳು ಎಂದಿದೆ. ಸುಮಾರು 30 ವರ್ಷಗಳ ನಂತರ ಅದೇ ಮನೆಗಳು ಏನಾದವು ಎಂದು ಇನ್ನೊಂದು ಸುತ್ತು ಬರೆದ: ವೈಟ್‌ನ ಹೆಂಡತಿ ವಿನ್ಸ್ಲೋನನ್ನು ಮದುವೆಯಾದಳು, ಗಂಡುಮಕ್ಕಳಿಬ್ಬರಿಗೂ ಮದುವೆಯಾಗಿದೆ, ರಿಸಾಲ್ವ್ಡ್‌ಗೆ ಐದು ಮಕ್ಕಳು, ಪೆರಿಗ್ರೀನ್‌ಗೆ ಎರಡು. ವಿನ್ಸ್ಲೋಗೆ ಆಕೆಯಲ್ಲಿ ಹುಟ್ಟಿ ಮದುವೆಯ ವಯಸ್ಸಿಗೆ ಬಂದ ಮಕ್ಕಳು ಇಬ್ಬರು, ಸತ್ತವರು ಹಲವರು. ಈ ಹಸ್ತಪ್ರತಿ ಅಮೆರಿಕದ ಕ್ರಾಂತಿಯ ಕಾಲದಲ್ಲಿ ಬಾಸ್ಟನ್ನಿನಿಂದ ಕಾಣೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪನ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಅದು ಸಿಗದೇ ಹೋಗಿದ್ದರೆ ಮೇಫ್ಲವರ್ ವಂಶಾವಳಿ ಎಂಬ ಉದ್ಯಮವೇ ಅರ್ಧ ಊಹೆಯ ಮೇಲೆ ನಡೆಯಬೇಕಾಗುತ್ತಿತ್ತು.

ಬ್ರಾಡ್‌ಫರ್ಡ್ ಬರೆಯದೇ ಇದ್ದಿದ್ದರೆ? ಆಗಲೂ ಮರುಮದುವೆಯನ್ನು ಎರಡು ಒಣ ಪಟ್ಟಿಗಳಿಂದ ಹೊರತೆಗೆಯಬಹುದಿತ್ತು. 1623ರಲ್ಲಿ ಪ್ಲಿಮತ್ ಭೂಮಿ ಹಂಚಿತು. ಮೇಫ್ಲವರ್‌ನಲ್ಲಿ ಬಂದವರ ಪಟ್ಟಿಯಲ್ಲಿ ವಿಲಿಯಂ ವೈಟ್ ಹೆಸರಿಗೆ ಐದು ಎಕರೆ. ಅವನು ಸತ್ತು ಎರಡು ವರ್ಷ ಕಳೆದಿತ್ತು! ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನುಷ್ಯ ಬದುಕಿದ್ದ ಎಂದು ತಿಳಿಯುವವರು ಈ ಸಾಲನ್ನು ಕಣ್ಣಿಗೊತ್ತಿಕೊಳ್ಳಬೇಕು. ನಾಲ್ಕು ವರ್ಷಗಳ ಮೇಲೆ, 1627ರ ಮೇ 22ರಂದು, ದನಕರುಗಳ ಹಂಚಿಕೆಯಾಯಿತು. ಊರಿನ ಜನರನ್ನು ತಲಾ 13 ಮಂದಿಯ 12 ಗುಂಪುಗಳಾಗಿ ಮಾಡಿದರು. ಕ್ಯಾಪ್ಟನ್ ಸ್ಟ್ಯಾಂಡಿಶ್‌ನ ಮೂರನೆಯ ಗುಂಪಿಗೆ ಬಂದದ್ದು ಒಂದು ಕೆಂಪು ಹಸು ಮತ್ತು ಎರಡು ಮೇಕೆ. ಹಸು ವಸಾಹತಿನ ಬಡವರಿಗೆ ಸೇರಿದ್ದು, ಅದರ ಆ ವರ್ಷದ ಹೋರಿಗರುವನ್ನು ಕಂಪನಿಗಾಗಿ ಸಾಕಬೇಕು ಎಂಬ ಷರತ್ತೂ ಇದೆ.

ಆ ಗುಂಪಿನ ಹೆಸರುಗಳನ್ನು ಬರೆದ ಕ್ರಮ ನೋಡಿ: ಸ್ಟ್ಯಾಂಡಿಶ್ ಮನೆಯವರು ಮುಗಿದ ಮೇಲೆ ಎಡ್ವರ್ಡ್ ವಿನ್ಸ್ಲೋ, ಸುಸಾನಾ ವಿನ್ಸ್ಲೋ, ಮತ್ತೊಬ್ಬ ಎಡ್ವರ್ಡ್ ವಿನ್ಸ್ಲೋ, ಜಾನ್ ವಿನ್ಸ್ಲೋ, ಅವರ ಬೆನ್ನಿಗೆ ರಿಸಾಲ್ವ್ಡ್ ವೈಟ್, ಪೆರಿಗ್ರೀನ್ ವೈಟ್. ಗಂಡ, ಹೆಂಡತಿ, ಅವರಿಬ್ಬರ ಮಕ್ಕಳು, ಆಮೇಲೆ ಬೇರೆ ಮನೆತನದ ಹೆಸರಿನ ಇಬ್ಬರು ಹುಡುಗರು. ಒಂದೇ ಒಲೆಯ ಸುತ್ತ ಎರಡು ಮನೆತನದ ಹೆಸರುಗಳ ಮಕ್ಕಳಿದ್ದರೆ ಅವರ ನಡುವೆ ಒಬ್ಬ ವಿಧವೆಯನ್ನು ಹುಡುಕಬೇಕು. ಆ ಪುಟ್ಟ ಎಡ್ವರ್ಡ್ ಮತ್ತು ಜಾನ್ ಮುಂದಿನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬದುಕಿ ಬೆಳೆದವರು ಆಮೇಲೆ ಹುಟ್ಟಿದ ಎಲಿಜಬೆತ್ ಮತ್ತು ಜೋಸಾಯಾ. ಸತ್ತವರು ಹಲವರು ಎಂದು ಬ್ರಾಡ್‌ಫರ್ಡ್ ಒಂದು ಮಾತಿನಲ್ಲಿ ದಾಟಿಹೋದದ್ದಕ್ಕೆ ಹಸು ಹಂಚಿದ ಪಟ್ಟಿಯಲ್ಲಿ ಹೆಸರುಗಳಿವೆ.

ಇಲ್ಲಿಯವರೆಗೆ ಗಂಡಂದಿರು, ಮಕ್ಕಳು. ಇವರನ್ನು ಹುಡುಕುವುದು ಸುಲಭ. ತವರಿನ ಮಾತು ಬಂದಾಗಲೇ ದಾರಿ ಕವಲೊಡೆಯುವುದು.

ಹಳೆಯ ವಂಶಾವಳಿಗಾರರು ಮೊದಲ ಗಂಡನ ಜಾಡು ಹಿಡಿದರು. ಪ್ಲಿಮತ್‌ಗೆ ಬಂದ ಪ್ರತ್ಯೇಕತಾವಾದಿಗಳಲ್ಲಿ, ಅಂದರೆ ಇಂಗ್ಲೆಂಡಿನ ಸರ್ಕಾರಿ ಚರ್ಚನ್ನು ಬಿಟ್ಟು ಹೊರಬಂದವರಲ್ಲಿ, ಬಹುಮಂದಿ ಹಾಲೆಂಡಿನ ಲೈಡನ್ ನಗರದಲ್ಲಿ ಹಲವು ವರ್ಷ ಇದ್ದವರು. ಲೈಡನ್ನಿನ ದಾಖಲೆಗಳು ಅಚ್ಚುಕಟ್ಟಾಗಿವೆ. ಅಲ್ಲಿ 1612ರಲ್ಲಿ ಉಣ್ಣೆ ಬಾಚುವ ವಿಲಿಯಂ ವೈಟ್ ಎಂಬವನು ಆನಾ ಫುಲ್ಲರ್ ಎಂಬವಳನ್ನು ಮದುವೆಯಾದದ್ದು ದಾಖಲಾಗಿದೆ. ಮೇಫ್ಲವರ್‌ನಲ್ಲಿ ಫುಲ್ಲರ್ ಅಣ್ಣತಮ್ಮಂದಿರೂ ಇದ್ದರು: ಎಡ್ವರ್ಡ್, ಮತ್ತು ವೈದ್ಯ ಸ್ಯಾಮ್ಯುಯೆಲ್. ಇಷ್ಟು ಸಾಕಾಯಿತು. ಆನಾ ಎಂಬುದು ಸುಸಾನಾದ ಮೊಟಕು ರೂಪವಿರಬೇಕು, ಸುಸಾನಾ ಈ ಫುಲ್ಲರ್‌ಗಳ ತಂಗಿ ಎಂದು ಷರಾ ಬರೆದುಬಿಟ್ಟರು. ಆಮೇಲೆ ಬಂದವರು ಆ ಷರಾವನ್ನು ನಕಲು ಮಾಡಿದರು.

ಈ ವಾದದ ಪೊಳ್ಳುತನ ಅದರ ಮೇಲ್ಮೈಯಲ್ಲೇ ಕಾಣುತ್ತದೆ. ವಿಲಿಯಂ ವೈಟ್‌ಗಿಂತ ಸಾಮಾನ್ಯವಾದ ಹೆಸರು ಆ ಕಾಲದ ಇಂಗ್ಲಿಷರಲ್ಲಿ ಸಿಗುವುದು ಕಷ್ಟ. ಲೈಡನ್ನಿನಲ್ಲೇ ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇದ್ದರು. ಹೆಸರು ಕೂಡಿತೆಂದು ಆಳು ಕೂಡುವುದಿಲ್ಲ. ಸಾಲದ್ದಕ್ಕೆ ಹೆಂಡತಿಯ ಹೆಸರು ಕೂಡಲೂ ಇಲ್ಲ, ಅದನ್ನು ಎಳೆದು ಕೂಡಿಸಿದರು. ಒಂದು ಸಂದೇಹವನ್ನು ಮುಚ್ಚಲು ಇನ್ನೊಂದು ಊಹೆ ಬೇಕಾದಾಗ ಕೈ ಹಿಡಿದು ನಿಲ್ಲಿಸಬೇಕಾದದ್ದು ಸಂಶೋಧಕನ ಕೆಲಸ.

ಊಹೆಯನ್ನು ನಿಜವಾಗಿ ಮುರಿದದ್ದು ಎರಡನೆಯ ಗಂಡನ ಒಂದು ಕಾಗದ. ವಿನ್ಸ್ಲೋ 1623ರ ಸೆಪ್ಟೆಂಬರಿನಲ್ಲಿ ವಸಾಹತಿನ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ. ಅಕ್ಟೋಬರ್ 30ರಂದು ಲಂಡನ್ನಿನಿಂದ ಲಿಂಕನ್‌ಶೈರಿನ ಸ್ಪಾಲ್ಡಿಂಗ್ ಎಂಬ ಊರಿನ ರಾಬರ್ಟ್ ಜಾಕ್ಸನ್ ಎಂಬವನಿಗೆ ಒಂದು ಪತ್ರ ಬರೆದ. ಆತನನ್ನು ಕರೆದದ್ದು ಅಂಕಲ್ ಎಂದು. ಪತ್ರದ ಮುಖ್ಯ ಭಾಗದ ತಿರುಳು ಇಷ್ಟು: ಸುಮಾರು ಎರಡು ವರ್ಷಗಳ ಹಿಂದೆ ನನ್ನ ಮಾವನವರಿಗೆ ಬರೆದಿದ್ದೆ, ಅವರ ಮಗ ವೈಟ್ ತೀರಿಕೊಂಡದ್ದನ್ನು, ಅವರ ಮಗಳೂ ಆಕೆಯ ಇಬ್ಬರು ಮಕ್ಕಳೂ ಕ್ಷೇಮವಾಗಿರುವುದನ್ನು, ದೈವಸಂಕಲ್ಪದಿಂದ ಆಕೆ ನನ್ನ ಹೆಂಡತಿಯಾದದ್ದನ್ನು ತಿಳಿಸಿದ್ದೆ. ನನ್ನಿಂದ ಆಕೆಗೆ ಒಂದು ಮಗುವಾಯಿತು, ಕೊಟ್ಟವನೇ ಅದನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಹೊರಡುವಾಗ ಮತ್ತೆ ಬಸುರಿಯಾಗಿದ್ದಳು, ಹೆರಿಗೆಯ ಮೊದಲೇ ಹಿಂದಿರುಗುವ ಆಸೆಯಿದೆ.

ಈ ಕಾಗದ ಇಂಗ್ಲೆಂಡಿನ ಸರ್ಕಾರಿ ದಾಖಲೆಗಳಲ್ಲಿ ಉಳಿದು, 20ನೆಯ ಶತಮಾನದ ನಡುವಿನಲ್ಲಿ ಅಚ್ಚಾಯಿತು. ಸಂತಾನದ ಸುದ್ದಿಯಷ್ಟೇ ಇದೆ ಎಂದು ಓದಿ ಪಕ್ಕಕ್ಕಿಡುವಂತಿದ್ದರೂ ಅದರ ಒಂದೊಂದು ಮಾತೂ ಸಾಕ್ಷ್ಯ. ಅವರ ಮಗ ವೈಟ್ ಎಂಬಲ್ಲಿ ಮಗ ಎಂದರೆ ಅಳಿಯ. ಆ ಕಾಲದ ಇಂಗ್ಲಿಷಿನಲ್ಲಿ ಅಳಿಯನನ್ನು ಮಗ ಎನ್ನುವುದು ವಾಡಿಕೆ. ಈಗ ಅಳಿಯನಿಗೆ ಹೇಳುವ ಪದವನ್ನೇ ಹೆಂಡತಿಯ ಮೊದಲ ಗಂಡನ ಮಗನಿಗೂ ಬಳಸುತ್ತಿದ್ದರು. ಹಾಗಾಗಿ ಹಳೆಯ ಉಯಿಲಿನಲ್ಲಿ ಅಳಿಯ ಎಂದು ಕಂಡವನು ಮಗಳ ಗಂಡನೋ ಹೆಂಡತಿಯ ಮಗನೋ ಎಂಬುದನ್ನು ಸುತ್ತಲಿನ ಮಾತುಗಳಿಂದಲೇ ತೀರ್ಮಾನಿಸಬೇಕು. ಈ ಪತ್ರದಲ್ಲಿ ಗೊಂದಲಕ್ಕೆ ಎಡೆಯಿಲ್ಲ: ವೈಟ್‌ನ ವಿಧವೆಯ ತಂದೆಯೇ ವಿನ್ಸ್ಲೋನ ಮಾವ.

ಮುಖ್ಯವಾದದ್ದು ಇನ್ನೊಂದು. ಆ ಮಾವನಿಗೆ 1621ರ ಸುಮಾರಿಗೆ ಪತ್ರ ಬರೆದಿದ್ದಾನೆಂದರೆ ಆಗ ಆತ ಬದುಕಿದ್ದಾನೆ ಎಂಬುದು ವಿನ್ಸ್ಲೋನ ತಿಳಿವಳಿಕೆ. ಫುಲ್ಲರ್ ಸಹೋದರರ ತಂದೆ, ನಾರ್ಫೋಕಿನ ರೆಡನ್‌ಹಾಲ್ ಊರಿನ ಕಟುಕ ರಾಬರ್ಟ್ ಫುಲ್ಲರ್ ಸತ್ತದ್ದು 1614ರಲ್ಲಿ. ಸತ್ತು ಏಳು ವರ್ಷವಾದವನಿಗೆ ಯಾರೂ ಅಳಿಯ ತೀರಿಕೊಂಡ ಸುದ್ದಿ ಬರೆಯುವುದಿಲ್ಲ. ಫುಲ್ಲರ್ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಆಕೆ ಜಾಕ್ಸನ್ ಮನೆತನದವಳೇ? ಅಷ್ಟು ಬೇಗ ಹೇಳಲಾಗದು. ಇಂಗ್ಲಿಷಿನ ಅಂಕಲ್ ಚಿಕ್ಕಪ್ಪನೂ ಹೌದು, ದೊಡ್ಡಪ್ಪನೂ ಹೌದು, ಸೋದರಮಾವನೂ ಹೌದು, ಅತ್ತೆಯ ಗಂಡನೂ ಹೌದು. ವಿನ್ಸ್ಲೋ ಕನ್ನಡದಲ್ಲಿ ಬರೆದಿದ್ದರೆ ಸಂಬಂಧ ಅರ್ಧ ಸಾಲಿನಲ್ಲಿ ಇತ್ಯರ್ಥವಾಗುತ್ತಿತ್ತು. ಆತ ವಿನ್ಸ್ಲೋನ ಸ್ವಂತ ಬಳಗದವನೇನೋ ಎಂದೂ ಕೇಳಬೇಕು. ವಿನ್ಸ್ಲೋನ ಹುಟ್ಟೂರು ಡ್ರಾಯ್ಟ್‌ವಿಚ್ ದೂರದ ವುಸ್ಟರ್‌ಶೈರಿನಲ್ಲಿದೆ. ಪತ್ರವೋ ಹೆಂಡತಿಯ ತಂದೆ, ಹೆಂಡತಿಯ ಮಕ್ಕಳು, ಹೆಂಡತಿಯ ಬಸಿರು ಇದರ ಸುತ್ತಲೇ ತಿರುಗುತ್ತದೆ. ಹಾಗಾಗಿ ರಾಬರ್ಟ್ ಜಾಕ್ಸನ್ ಸುಸಾನಾಳ ಕಡೆಯವನು ಎಂಬುದು ಗಟ್ಟಿಯಾದ ಊಹೆ. ಮನೆತನದ ಹೆಸರು ಜಾಕ್ಸನ್ನೇ ಎನ್ನಲು ಬೇರೆಯ ಆಧಾರ ಬೇಕಿತ್ತು.

ಅದು ಸಿಕ್ಕಿದ್ದು ಇಂಗ್ಲೆಂಡಿನ ದಾಖಲೆಗಳಲ್ಲಿ. ಪ್ರತ್ಯೇಕತಾವಾದಿ ಸಭೆ ಮೊಳಕೆಯೊಡೆದ ಊರು ನಾಟಿಂಗ್‌ಹ್ಯಾಮ್‌ಶೈರಿನ ಸ್ಕ್ರೂಬಿ. ಅಲ್ಲಿನ ಜಮೀನ್ದಾರಿ ಮನೆಯಲ್ಲಿ, ಅಂಚೆಯ ಹೊಣೆ ಹೊತ್ತಿದ್ದ ವಿಲಿಯಂ ಬ್ರೂಸ್ಟರ್‌ನ ಆಸರೆಯಲ್ಲಿ, ಜನ ಗುಟ್ಟಾಗಿ ಸೇರುತ್ತಿದ್ದರು. 1607ರ ಡಿಸೆಂಬರಿನಲ್ಲಿ ಯಾರ್ಕಿನ ಧಾರ್ಮಿಕ ನ್ಯಾಯಾಲಯ ಸ್ಕ್ರೂಬಿಯ ಇಬ್ಬರನ್ನು ಹಿಡಿದು ತರಲು ಆಜ್ಞೆ ಹೊರಡಿಸಿತು: ಒಬ್ಬ ಬ್ರೂಸ್ಟರ್, ಇನ್ನೊಬ್ಬ ರಿಚರ್ಡ್ ಜಾಕ್ಸನ್. ಹೋದವರಿಗೆ ಇಬ್ಬರೂ ಸಿಗಲಿಲ್ಲ. ಮರುವರ್ಷ ತಲಾ 20 ಪೌಂಡ್ ದಂಡ ಬಿತ್ತು. ಜಾಕ್ಸನ್‌ನ ಈ ಹೆಸರು ಯಾತ್ರಿಕರ, ಅಂದರೆ ಪ್ಲಿಮತ್‌ಗೆ ಬಂದ ಈ ವಲಸೆಗಾರರ, ಇತಿಹಾಸ ಓದಿದ ಎಲ್ಲರಿಗೂ ಗೊತ್ತಿದ್ದದ್ದೇ. ಬ್ರೂಸ್ಟರ್‌ನ ಹಿಂದೆ ಬಂದು ಹೋಗುವ ಒಂದು ಹೆಸರು, ಅಷ್ಟೆ. ಸ್ಯೂ ಆಲನ್, ಕೇಲೆಬ್ ಜಾನ್ಸನ್, ಸೈಮನ್ ನೀಲ್ ಎಂಬ ಮೂವರು ಸಂಶೋಧಕರು 2017ರಲ್ಲಿ ದಿ ಅಮೆರಿಕನ್ ಜೀನಿಯಾಲಜಿಸ್ಟ್ ಪತ್ರಿಕೆಯಲ್ಲಿ ಸುಸಾನಾ ಈ ರಿಚರ್ಡ್ ಜಾಕ್ಸನ್ ಮತ್ತು ಮೇರಿ ಪೆಟಿಂಜರ್ ದಂಪತಿಗಳ ಮಗಳು ಎಂದು ಪ್ರಕಟಿಸಿದರು. ಹಾಗಾಗಿ ಸುಸಾನಾ ಬಂದದ್ದು ಸಭೆಯ ಮೂಲದ ಮನೆಯೊಂದರಿಂದಲೇ.

ನನಗೆ ಇದರಲ್ಲಿ ಹಿಡಿಸುವುದು ಹುಡುಕಾಟದ ದಿಕ್ಕು. ತವರಿನ ಸುಳಿವು ಮೊದಲ ಮದುವೆಯಲ್ಲಿರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ಹೆಣ್ಣು ತವರಿನಿಂದ ನೇರವಾಗಿ ಹೋದದ್ದು ಆ ಮನೆಗಲ್ಲವೇ? ಆದರೆ ಮೊದಲ ಗಂಡ ಬೇಗ ಸತ್ತಿರುತ್ತಾನೆ. ಅವನು ಬಿಟ್ಟುಹೋದ ಕಾಗದ ಕಡಿಮೆ. ಎರಡನೆಯವನು ಬಾಳಿದವನು. ಅವನೇ ಮಾವನಿಗೆ ಪತ್ರ ಬರೆಯುತ್ತಾನೆ, ಹೆಂಡತಿಯ ಮಕ್ಕಳ ಪಾಲಿಗಾಗಿ ನ್ಯಾಯಾಲಯದ ಮುಂದೆ ನಿಲ್ಲುತ್ತಾನೆ, ಅವಳಿಗೆ ಬರಬೇಕಾದದ್ದಕ್ಕೆ ರಸೀದಿ ಬರೆಯುತ್ತಾನೆ. ಹಾಗಾಗಿ ಎರಡನೆಯ ಗಂಡನ ಕಡತವನ್ನು ಮೊದಲು ಬಿಚ್ಚಬೇಕು.

ದಕ್ಷಿಣದ ವರ್ಜೀನಿಯಾದಲ್ಲಿ ಸಾವು ಇನ್ನೂ ಧಾರಾಳ, ಮರುಮದುವೆಯ ಸರಪಳಿಯೂ ಉದ್ದ. ಅಲ್ಲಿನ ಸಿಸಿಲಿ ಜೋರ್ಡನ್ ಎಂಬವಳನ್ನು ನೋಡಿ. 1623ರಲ್ಲಿ ಗಂಡ ಸ್ಯಾಮ್ಯುಯೆಲ್ ಜೋರ್ಡನ್ ಸತ್ತ ಕೆಲವೇ ದಿನಗಳಲ್ಲಿ ಪಾದ್ರಿಯೊಬ್ಬ ಆಕೆ ತನಗೆ ಮಾತು ಕೊಟ್ಟಿದ್ದಾಳೆಂದು ಹೇಳಿಕೊಂಡ. ಆಕೆ ವಿಲಿಯಂ ಫರಾರ್‌ನನ್ನು ಆರಿಸಿಕೊಂಡಾಗ ದಾವೆ ಹೂಡಿದ. 1625ರ ಜನಗಣತಿಯಲ್ಲಿ ಆಕೆಯ ಮನೆಯಲ್ಲಿ ಇಬ್ಬರು ಜೋರ್ಡನ್ ಹುಡುಗಿಯರ ಜೊತೆ ಟೆಂಪರೆನ್ಸ್ ಬೇಲಿ ಎಂಬ ಏಳು ವರ್ಷದ ಹುಡುಗಿ ಇದ್ದಾಳೆ. ಸಿಸಿಲಿಗೆ ಜೋರ್ಡನ್‌ಗಿಂತ ಮೊದಲು ಬೇಲಿ ಎಂಬ ಗಂಡನಿದ್ದ ಎಂಬ ಮಾತಿಗೆ ತಳಹದಿ ಈ ಒಂದು ಹೆಸರು. ಊಹೆ ಸೊಗಸಾಗಿದೆ, ಸರಿಯೂ ಇರಬಹುದು, ಆದರೆ ಊಹೆ. ಇಂಟರ್‌ನೆಟ್ಟಿನ ವಂಶವೃಕ್ಷಗಳು ಅಷ್ಟಕ್ಕೆ ನಿಲ್ಲದೆ ಆಕೆಗೆ ತಂದೆತಾಯಿಯನ್ನೂ ದಯಪಾಲಿಸಿವೆ.

ಮತ್ತೆ ಪ್ಲಿಮತ್‌ಗೆ. ಮರುಮದುವೆಯಾದ ವಿಧವೆಯ ಕುಟುಂಬ ಎಂದರೆ ಎರಡು ಕವಲು, ಎರಡೂ ಕವಲಿನವರು ಆಸ್ತಿಯ ಕಾಗದದಲ್ಲಿ ಸಂಧಿಸುತ್ತಾರೆ. 1646ರಲ್ಲಿ ಇಂಗ್ಲೆಂಡಿಗೆ ಹೋದ ವಿನ್ಸ್ಲೋ ಹಿಂದಿರುಗಲೇ ಇಲ್ಲ. 1655ರಲ್ಲಿ, ಆಗ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್‌ನ ನೌಕಾಪಡೆಯ ಜೊತೆ ವೆಸ್ಟ್ ಇಂಡೀಸ್ ಕಡಲಲ್ಲಿ ಸತ್ತ. 1654ರ ಡಿಸೆಂಬರಿನ ಉಯಿಲಿನಲ್ಲಿ ನ್ಯೂ ಇಂಗ್ಲೆಂಡಿನ ಜಮೀನೆಲ್ಲ ಮಗ ಜೋಸಾಯಾಗೆ, ಅದರ ಮೂರನೆಯ ಒಂದು ಪಾಲು ಹೆಂಡತಿಗೆ ಜೀವಮಾನ ಪರ್ಯಂತ ಎಂದು ಬರೆದ. ಮೂರನೆಯ ಒಂದು ಎಂಬುದು ಅವನ ಔದಾರ್ಯವಲ್ಲ, ವಿಧವೆಗೆ ಕಾನೂನು ಕೊಟ್ಟ ಪಾಲು. ಆ ಪಾಲನ್ನು ಆಕೆ ಮಾರುವಂತಿಲ್ಲ, ಮೊದಲ ಗಂಡನ ಮಕ್ಕಳಿಗೆ ಬಿಟ್ಟುಹೋಗುವಂತಿಲ್ಲ. ಅವಳ ನಂತರ ಅದು ವಿನ್ಸ್ಲೋ ಕವಲಿಗೇ ಮರಳುತ್ತದೆ.

ಆ ಉಯಿಲು ಬರೆದ ದಿನ ಆಕೆ ಬದುಕಿದ್ದಳು. ಜೋಸಾಯಾ 1675ರ ಜುಲೈನಲ್ಲಿ ಉಯಿಲು ಬರೆಯುವಾಗ ಬದುಕಿರಲಿಲ್ಲ. ಆಕೆಯ ಸಾವು ಈ ಎರಡು ಕಾಗದಗಳ ನಡುವೆ ಎಲ್ಲೋ ಇದೆ. ಅನೇಕ ವಂಶವೃಕ್ಷಗಳಲ್ಲಿ ಕಾಣುವ 1680ರ ಅಕ್ಟೋಬರ್ 1 ಎಂಬ ಖಚಿತ ತಾರೀಖು ಈ ಲೆಕ್ಕಕ್ಕೆ ಕೂಡುವುದಿಲ್ಲ. ದಿನ, ತಿಂಗಳು, ವರ್ಷ ಮೂರೂ ಇರುವ ತಾರೀಖಿಗಿಂತ ಇಂಥ ದಿನದ ನಂತರ, ಇಂಥ ದಿನದ ಮೊದಲು ಎಂಬ ಸಡಿಲ ಮಾತು ಎಷ್ಟೋ ವೇಳೆ ಹೆಚ್ಚು ನಿಖರ.

ಮಕ್ಕಳ ಸುದ್ದಿಯನ್ನು ಬೇಗ ಹೇಳಿಬಿಡಬಹುದು. ಜೋಸಾಯಾ 1673ರಲ್ಲಿ ಪ್ಲಿಮತ್‌ನ ಗವರ್ನರ್ ಆದ. ಎಲಿಜಬೆತ್ ತಾಯಿಯಂತೆಯೇ ಎರಡು ಸಲ ಮದುವೆಯಾದಳು. ರಿಸಾಲ್ವ್ಡ್ 1640ರಲ್ಲಿ ಜೂಡಿತ್ ವಸಾಲ್‌ಳನ್ನು ಮದುವೆಯಾದ. ಆ ಜೂಡಿತ್‌ಳ ತಂದೆ ವಿಲಿಯಂ ವಸಾಲ್‌ಗೂ ರಿಸಾಲ್ವ್ಡ್‌ನನ್ನು ಸಾಕಿದ ವಿನ್ಸ್ಲೋಗೂ ಮುಂದೆ ಹಾವು ಮುಂಗುಸಿಯ ಸಂಬಂಧ. 1646ರಲ್ಲಿ ನೆರೆಯ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತದ ಮೇಲೆ ದೂರು ಹೊತ್ತು ವಸಾಲ್ ಲಂಡನ್ನಿಗೆ ಹೋದರೆ, ಅದಕ್ಕೆ ಉತ್ತರ ಕೊಡಲು ಹೋದವನು ವಿನ್ಸ್ಲೋ. ಇಬ್ಬರ ನಡುವೆ ಸಿಕ್ಕಿದ ರಿಸಾಲ್ವ್ಡ್‌ನ ಹಬ್ಬದೂಟ ಹೇಗಿರುತ್ತಿತ್ತೋ.

ಪೆರಿಗ್ರೀನ್ ಮಾತ್ರ ತನ್ನ ಹುಟ್ಟನ್ನೇ ಬಂಡವಾಳ ಮಾಡಿಕೊಂಡ. ಈ ನೆಲದಲ್ಲಿ ಹುಟ್ಟಿದ ಮೊದಲ ಇಂಗ್ಲಿಷನೆಂಬ ಕಾರಣಕ್ಕೆ 1665ರಲ್ಲಿ ನ್ಯಾಯಸಭೆ ಅವನಿಗೆ 200 ಎಕರೆ ಕೊಟ್ಟಿತು. 1704ರ ಜುಲೈ 20ರಂದು ಮಾರ್ಷ್‌ಫೀಲ್ಡಿನಲ್ಲಿ ಸತ್ತಾಗ, ಶುರುವಾಗಿ ಮೂರು ತಿಂಗಳಾಗಿದ್ದ ಬಾಸ್ಟನ್ ನ್ಯೂಸ್ ಲೆಟರ್ ಪತ್ರಿಕೆ ಅವನ ಬಗ್ಗೆ ಬರೆಯಿತು: ವಯಸ್ಸು 83 ವರ್ಷ 8 ತಿಂಗಳು, ಕೊನೆಯವರೆಗೂ ಗಟ್ಟಿಮುಟ್ಟು, ಹರೆಯದಲ್ಲಿ ಸ್ವಲ್ಪ ಅಡ್ಡದಾರಿ ಹಿಡಿದಿದ್ದರೂ ಮುಪ್ಪಿನಲ್ಲಿ ಸುಧಾರಿಸಿದ್ದ. ವಿಲಿಯಂ ವೈಟ್ ಮತ್ತು ಅವನ ಹೆಂಡತಿ ಸುಸಾನಾರ ಮಗ ಎಂದೂ ಅದರಲ್ಲಿದೆ. ವಂಶ ಹುಡುಕುವವರಿಗೆ ಇದು ಬೆಲೆಯುಳ್ಳ ವಾಕ್ಯ. ಬ್ರಾಡ್‌ಫರ್ಡ್‌ನ ಹಸ್ತಪ್ರತಿಯನ್ನು ನೆಚ್ಚದೆಯೇ ತಾಯಿಯ ಹೆಸರನ್ನೂ ಮೊದಲ ಗಂಡನ ಹೆಸರನ್ನೂ ಒಟ್ಟಿಗೆ ಹೇಳುತ್ತದೆ. ವಿನ್ಸ್ಲೋನ ಹೆಸರನ್ನು ಎತ್ತುವುದೇ ಇಲ್ಲ. ಈ ಒಂದು ಸಾವಿನ ಸುದ್ದಿ ಮಾತ್ರ ಕೈಯಲ್ಲಿದ್ದವನಿಗೆ, ಅವನನ್ನು ಸಾಕಿ ಬೆಳೆಸಿದವನು ಇನ್ನೊಬ್ಬ ಎಂಬುದೇ ತಿಳಿಯುತ್ತಿರಲಿಲ್ಲ.